ಓಡಾಟದ ಲೆಕ್ಕದಲ್ಲಿ ನಾವು ಎಲ್ಲಿದ್ದೇವೆ?

(ಬೆಟ್ಟದ ಊರುಗಳ ಕೃಷಿಕರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ರಸ್ತೆ ಅಗಲೀಕರಣದ ಕುರಿತು ನಾವು ಇದುವರೆಗೆ ಆಡಿದ ಮಾತುಗಳೆಲ್ಲ ಮರ, ಗುಡ್ಡಕುಸಿತ, ಹಳ್ಳ, ಕಾಡುಪ್ರಾಣಿ ಇವುಗಳ ಸುತ್ತಲೇ ಇದ್ದವು. ಅವು ಮುಖ್ಯವಾದುವೇ. ಆದರೆ ಯಾವುದೇ ಯೋಜನಾ ವರದಿಯನ್ನು ಬಿಡಿಸಿ ನೋಡಿದರೆ, ಮರಗಳ ಪಟ್ಟಿ ಬರುವ ಹೊತ್ತಿಗೆ ಮುಖ್ಯ ತೀರ್ಮಾನ ಮುಗಿದುಹೋಗಿರುತ್ತದೆ. ‘ಇಪ್ಪತ್ತು ವರ್ಷಗಳ ನಂತರ ಈ ದಾರಿಯಲ್ಲಿ ದಿನಕ್ಕೆ ಇಷ್ಟು ವಾಹನಗಳು ಓಡಾಡಲಿವೆ, ಆದುದರಿಂದ ಇಷ್ಟು ಅಗಲ ಬೇಕು’ ಎಂಬುದೇ ಆ ತೀರ್ಮಾನ. ನಾವು ಆ ಸಂಖ್ಯೆಯನ್ನು ಮಳೆಯ ಪ್ರಮಾಣದಂತೆ ಒಪ್ಪಿಕೊಂಡು, ಅನಂತರ ಮರಗಳ ಬಗ್ಗೆ ಜಗಳಕ್ಕೆ ಇಳಿಯುತ್ತೇವೆ. ಇಂದು ನಾನು ಆ ಸಂಖ್ಯೆ ಎಲ್ಲಿಂದ ಬರುತ್ತದೆ ಎಂಬುದನ್ನು ಕುರಿತು ಮಾತನಾಡಲು ಬಯಸುತ್ತೇನೆ.

ಸಾರಿಗೆ ನನ್ನ ವಿಷಯವಲ್ಲ. ನಾನು ಕಲಿತದ್ದು ಬೆಳೆ ಮತ್ತು ಮಣ್ಣನ್ನು. ಆದರೆ ಕೃಷಿ ಸಂಶೋಧನೆಯಲ್ಲಿ ಬಳಸುವ ಸಂಖ್ಯಾಶಾಸ್ತ್ರವೂ ನಗರ ಸಾರಿಗೆಯಲ್ಲಿ ಬಳಸುವ ಸಂಖ್ಯಾಶಾಸ್ತ್ರವೂ ಅಣ್ಣತಮ್ಮಂದಿರು. ಹೀಗಾಗಿ ಈ ಲೆಕ್ಕವನ್ನು ಮೊದಲ ಸಲ ಓದಿದಾಗ ನನಗೆ ಅಪರಿಚಿತವೆನಿಸಲಿಲ್ಲ.

ಹಣ್ಣಾದ ಮರವೊಂದನ್ನು ನೆನೆಯಿರಿ. ಅದರ ಬೀಜಗಳು ಬುಡದಲ್ಲಿ ದಟ್ಟವಾಗಿ ಬೀಳುತ್ತವೆ, ದೂರ ಹೋದಂತೆ ವಿರಳವಾಗುತ್ತವೆ. ಎಷ್ಟು ದೂರಕ್ಕೆ ಎಷ್ಟು ಬೀಜ ಎಂಬುದನ್ನು ಒಂದು ಇಳಿಜಾರಿನ ಗೆರೆಯಾಗಿ ಬರೆಯಬಹುದು. ಮನುಷ್ಯರ ಓಡಾಟವನ್ನೂ ಹೀಗೆಯೇ ಬರೆಯಬಹುದೆಂಬ ಯೋಚನೆ ಹಳೆಯದು. 1885ರಲ್ಲಿ ರಾವೆನ್‌ಸ್ಟೈನ್ ಎಂಬ ಭೂಗೋಳಶಾಸ್ತ್ರಜ್ಞ, ವಲಸೆ ಹೋಗುವವರಲ್ಲಿ ಹೆಚ್ಚಿನವರು ಹತ್ತಿರದ ಊರಿಗೇ ಹೋಗುತ್ತಾರೆಂದು ಬ್ರಿಟನ್ನಿನ ಜನಗಣತಿಯಿಂದ ತೋರಿಸಿದನು. 1931ರಲ್ಲಿ ಅಮೆರಿಕದ ವಿಲಿಯಂ ರೈಲಿ, ಎರಡು ಪೇಟೆಗಳ ನಡುವಿನ ಹಳ್ಳಿಯ ಗಿರಾಕಿ ಯಾವ ಪೇಟೆಗೆ ಹೋಗುತ್ತಾನೆ ಎಂಬುದಕ್ಕೆ ಸೂತ್ರವನ್ನೇ ಕೊಟ್ಟನು. ಪೇಟೆ ದೊಡ್ಡದಾದಷ್ಟೂ ಸೆಳೆತ ಹೆಚ್ಚು, ದೂರದ ವರ್ಗಕ್ಕೆ ತಕ್ಕಂತೆ ಸೆಳೆತ ಕಡಿಮೆ. ನ್ಯೂಟನ್ನನ ಗುರುತ್ವ ನಿಯಮದ ಅಚ್ಚೇ ಇದು. 1955ರಲ್ಲಿ ಅಲನ್ ವೂರೀಸ್ ಎಂಬ ಎಂಜಿನಿಯರ್ ಇದನ್ನು ನಗರದ ವಾಹನ ಸಂಚಾರಕ್ಕೆ ಅನ್ವಯಿಸಿದನು. ಅಂದಿನಿಂದ ಇದಕ್ಕೆ ಗುರುತ್ವ ಮಾದರಿ ಎಂದೇ ಹೆಸರು.

ರೈಲಿಯ ಸೂತ್ರವನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಅಡಿಕೆ. ಯಾರ ಅಡಿಕೆ ಯಾವ ಮಂಡಿಗೆ ಹೋಗುತ್ತದೆ ಎಂಬುದನ್ನು ದೂರದಿಂದ ಹೇಳಲು ಸಾಧ್ಯವೇ? ಯಾವ ಸೊಸೈಟಿಯಲ್ಲಿ ಸಾಲವಿದೆಯೋ ಅಲ್ಲಿಗೇ ಅಡಿಕೆ ಹೋಗುತ್ತದೆ. ಬೀಜಕ್ಕೆ ಸಾಲವಿಲ್ಲ, ಮನುಷ್ಯನಿಗಿದೆ. ಮಾದರಿ ಮಾಡುವವರಿಗೂ ಇದು ಗೊತ್ತು. ಸೂತ್ರದ ಉತ್ತರವೂ ನಿಜವಾದ ಎಣಿಕೆಯೂ ಹೊಂದದಿದ್ದಾಗ ಒಂದು ‘ಹೊಂದಾಣಿಕೆ ಗುಣಕ’ವನ್ನು ಗುಣಿಸಿ ಸರಿಪಡಿಸುತ್ತಾರೆ. ಆ ಗುಣಕದೊಳಗೆ ಸಾಲ, ಜಾತಿ, ನೆಂಟಸ್ತಿಕೆ, ಬಸ್ಸಿನ ವೇಳೆ ಎಲ್ಲವೂ ಹೆಸರಿಲ್ಲದೆ ಅಡಗಿ ಕುಳಿತಿರುತ್ತವೆ. ಇಪ್ಪತ್ತು ವರ್ಷಗಳ ಮುಂದಿನ ಲೆಕ್ಕಕ್ಕೂ ಅದೇ ಗುಣಕ.

ಇನ್ನು ಲೆಕ್ಕದ ಕ್ರಮ. ನಗರವನ್ನು ಹಲವು ವಲಯಗಳಾಗಿ ಒಡೆಯುತ್ತಾರೆ. ಮೊದಲ ಹಂತದಲ್ಲಿ ಪ್ರತಿ ವಲಯದಿಂದ ಎಷ್ಟು ಪ್ರಯಾಣಗಳು ಹೊರಡುತ್ತವೆ, ಎಷ್ಟು ಬಂದು ಸೇರುತ್ತವೆ ಎಂದು ಅಂದಾಜು ಮಾಡುತ್ತಾರೆ. ಎರಡನೆಯದು ಹಂಚಿಕೆ, ಅಂದರೆ ಎಲ್ಲಿಂದ ಹೊರಟದ್ದು ಎಲ್ಲಿಗೆ ಹೋಯಿತು ಎಂಬುದು. ಮೂರನೆಯದು ಬಸ್ಸೋ ಕಾರೋ ಎಂಬುದು, ನಾಲ್ಕನೆಯದು ಯಾವ ರಸ್ತೆಯಲ್ಲಿ ಎಂಬುದು. ನಮಗೆ ಇಂದು ಮುಖ್ಯವಾದುದು ಎರಡನೆಯ ಹಂತ. ನೂರು ವಲಯಗಳಿದ್ದರೆ ನೂರು ಅಡ್ಡಸಾಲು, ನೂರು ಕಂಬಸಾಲು, ಒಟ್ಟು 10,000 ಮನೆಗಳ ಕೋಷ್ಟಕವಾಗುತ್ತದೆ. ಸಾವಿರ ವಲಯವಾದರೆ ಹತ್ತು ಲಕ್ಷ ಮನೆ. ಅಷ್ಟನ್ನೂ ಕೇಳಿ ತುಂಬುವಷ್ಟು ಸಮೀಕ್ಷೆ ಯಾವ ನಗರದಲ್ಲೂ ನಡೆಯದು. ಒಂದಿಷ್ಟು ಮನೆಗಳನ್ನು ಕೇಳಿ, ಉಳಿದ ಜಾಗವನ್ನು ಸೂತ್ರದಿಂದ ತುಂಬಿ, ಅಡ್ಡಮೊತ್ತವೂ ಕಂಬಮೊತ್ತವೂ ಹೊಂದುವವರೆಗೆ ಮತ್ತೆ ಮತ್ತೆ ಗುಣಿಸುತ್ತಾರೆ. ಇದರಲ್ಲಿ ಮೋಸವೇನೂ ಇಲ್ಲ; ಜನಗಣತಿಯ ಮಾದರಿ ಕೋಷ್ಟಕಗಳನ್ನು ಹೊಂದಿಸಲು ಡೆಮಿಂಗ್ ಮತ್ತು ಸ್ಟೀಫನ್ 1940ರಲ್ಲೇ ಈ ವಿಧಾನವನ್ನು ಹೇಳಿದ್ದರು. 1967ರಲ್ಲಿ ಅಲನ್ ವಿಲ್ಸನ್ ಎಂಬ ಬ್ರಿಟಿಷ್ ವಿದ್ವಾಂಸ ಇದಕ್ಕೆ ಇನ್ನೂ ಗಟ್ಟಿಯಾದ ತಳಪಾಯ ಹಾಕಿದನು. ನ್ಯೂಟನ್ನನ ಹೆಸರು ಹೇಳದೆಯೂ, ಒಟ್ಟು ಪ್ರಯಾಣ ಮತ್ತು ಒಟ್ಟು ವೆಚ್ಚ ಇಷ್ಟೇ ಎಂದು ಗೊತ್ತಿದ್ದರೆ ಅತ್ಯಂತ ಸಂಭವನೀಯವಾದ ಹಂಚಿಕೆ ಇಂಥದೇ ಸೂತ್ರವನ್ನು ಕೊಡುತ್ತದೆ ಎಂದು ಅವನು ತೋರಿಸಿದನು. ಗಣಿತ ಸೊಗಸಾಗಿದೆ. ನಮ್ಮಲ್ಲಿ ಬಿ.ಎಸ್ಸಿ. ಓದುತ್ತಿರುವವರು ಇದನ್ನು ಹುಡುಕಿ ಓದಬೇಕೆಂದು ನನ್ನ ಆಸೆ.

ನನ್ನ ತಕರಾರು ಗಣಿತದ ಮೇಲಲ್ಲ, ಅದಕ್ಕೆ ಇಟ್ಟ ಹೆಸರುಗಳ ಮೇಲೆ. ಷಿಕಾಗೋ ನಗರದಲ್ಲಿ 1955ರಿಂದ ಡಗ್ಲಸ್ ಕ್ಯಾರಲ್ ಎಂಬಾತನ ನೇತೃತ್ವದಲ್ಲಿ ಒಂದು ದೊಡ್ಡ ಸಾರಿಗೆ ಅಧ್ಯಯನ ನಡೆಯಿತು. ಮುಂದೆ ಜಗತ್ತಿನ ಹಲವು ನಗರಗಳು ಅನುಸರಿಸಿದ ವಿಧಾನಕ್ಕೆ ಅದು ಮೇಲ್ಪಂಕ್ತಿ. ಮನೆಮನೆಗೆ ಹೋಗಿ ‘ನಿನ್ನೆ ಎಲ್ಲಿಂದ ಎಲ್ಲಿಗೆ ಹೋದಿರಿ’ ಎಂದು ಕೇಳಿ, ಹೊರಟ ಜಾಗಕ್ಕೂ ಮುಟ್ಟಿದ ಜಾಗಕ್ಕೂ ನೇರ ಗೆರೆ ಎಳೆದರು. ಆ ಗೆರೆಗಳನ್ನು ಪರದೆಯ ಮೇಲೆ ಬೆಳಕಿನ ಎಳೆಗಳಾಗಿ ಮೂಡಿಸಲು ‘ಕಾರ್ಟೋಗ್ರಾಫಟ್ರಾನ್’ ಎಂಬ ಯಂತ್ರವನ್ನೇ ಕಟ್ಟಿದರು. ಆ ಗೆರೆಗೆ ಈ ಶಾಸ್ತ್ರದಲ್ಲಿರುವ ಹೆಸರು ‘ಡಿಸೈರ್ ಲೈನ್’, ಅಂದರೆ ಬಯಕೆಯ ಗೆರೆ.

ಈ ಹೆಸರಿನ ಮುಂದೆ ಸ್ವಲ್ಪ ನಿಲ್ಲೋಣ. ಹೋಬಳಿಯ ಆಸ್ಪತ್ರೆಯಲ್ಲಿ ವೈದ್ಯರಿಲ್ಲದ ಕಾರಣ ಬಸುರಿ ಹೆಣ್ಣುಮಗಳೊಬ್ಬಳನ್ನು ಜೀಪಿನಲ್ಲಿ ಎಪ್ಪತ್ತು ಕಿಲೋಮೀಟರ್ ದೂರದ ನಗರಕ್ಕೆ ಕರೆದೊಯ್ಯುತ್ತಾರೆ. ಸಮೀಕ್ಷೆಯಲ್ಲಿ ಅದೊಂದು ಬಯಕೆಯ ಗೆರೆ. ಊರಿನ ಶಾಲೆ ಮುಚ್ಚಿದ ಮೇಲೆ ಮಗು ದಿನಾಲೂ ವ್ಯಾನಿನಲ್ಲಿ ಪೇಟೆಗೆ ಹೋಗುತ್ತದೆ. ಅದೂ ಬಯಕೆಯ ಗೆರೆ. ಹೀಗೆ ಉದ್ದನೆಯ ಗೆರೆಗಳು ಹೆಚ್ಚಿದಷ್ಟೂ ಮಾದರಿಯು ‘ಜನರಿಗೆ ದೂರ ಹೋಗುವ ಬೇಡಿಕೆ ಹೆಚ್ಚಿದೆ’ ಎಂದು ಓದುತ್ತದೆ. ಅನಿವಾರ್ಯತೆಯನ್ನು ಆಯ್ಕೆ ಎಂದು ಓದಿದ ಮೇಲೆ ಅದರ ಉತ್ತರ ರಸ್ತೆಯೇ ಆಗುತ್ತದೆ, ವೈದ್ಯರಾಗುವುದಿಲ್ಲ.

ಈಗ ಒಂದು ಚಿಕ್ಕ ಲೆಕ್ಕ ಮಾಡೋಣ. ವಿದ್ಯಾರ್ಥಿಗಳು ಬರೆದುಕೊಳ್ಳಬಹುದು. ಊರುಗಳು ಕಲ್ಪಿತ, ಅಂಕಿಗಳೂ ಕೈಲೆಕ್ಕಕ್ಕೆ ಅನುಕೂಲವಾಗುವಂತೆ ಆರಿಸಿದವು. ಒಂದು ಹಳ್ಳಿಯಿಂದ ದಿನಕ್ಕೆ 100 ಜನ ಹೊರಗೆ ಹೋಗುತ್ತಾರೆ. ಹೋಬಳಿ ಪೇಟೆ 10 ಕಿ.ಮೀ., 20 ನಿಮಿಷ. ಅದರ ಸೆಳೆತ, ಅಂದರೆ ಅಂಗಡಿ, ಕಚೇರಿ, ಕೆಲಸಗಳನ್ನೆಲ್ಲ ಕೂಡಿಸಿದ ಅಂಕ 200. ತಾಲೂಕು ಪೇಟೆ 20 ಕಿ.ಮೀ., 40 ನಿಮಿಷ, ಸೆಳೆತ 400. ನಗರ 40 ಕಿ.ಮೀ., 80 ನಿಮಿಷ, ಸೆಳೆತ 1600. ಸೆಳೆತವನ್ನು ಸಮಯದ ವರ್ಗದಿಂದ ಭಾಗಿಸಿ. ಹೋಬಳಿಗೆ 0.5, ತಾಲೂಕಿಗೆ 0.25, ನಗರಕ್ಕೆ 0.25. ಆದ್ದರಿಂದ ನೂರರಲ್ಲಿ 50 ಜನ ಹೋಬಳಿಗೆ, 25 ಜನ ತಾಲೂಕಿಗೆ, 25 ಜನ ನಗರಕ್ಕೆ. ಎಲ್ಲರ ಪ್ರಯಾಣದ ಸಮಯ ಕೂಡಿಸಿದರೆ 4,000 ನಿಮಿಷ. ದೂರ 2,000 ಕಿಲೋಮೀಟರ್.

ನಗರದ ರಸ್ತೆಯನ್ನು ಅಗಲಿಸಿದರು. 80 ನಿಮಿಷದ ದಾರಿ 40 ನಿಮಿಷವಾಯಿತು. ಹಂಚಿಕೆ ಮೊದಲಿನಂತೆಯೇ ಇರುತ್ತದೆ ಎಂದು ಹಿಡಿದರೆ ಒಟ್ಟು ಸಮಯ 3,000 ನಿಮಿಷಕ್ಕೆ ಇಳಿಯುತ್ತದೆ. ‘ದಿನಕ್ಕೆ ಸಾವಿರ ನಿಮಿಷ ಉಳಿತಾಯ’ ಎಂದು ವರದಿಯಲ್ಲಿ ಬರೆದು ಅದನ್ನು ರೂಪಾಯಿಗೆ ಪರಿವರ್ತಿಸಬಹುದು. ದೂರ ಅದೇ 2,000 ಕಿಲೋಮೀಟರ್, ಹೊಗೆಯೂ ಹೆಚ್ಚಾಗಿಲ್ಲ.

ಆದರೆ ಅದೇ ಸೂತ್ರವನ್ನು ಪ್ರಾಮಾಣಿಕವಾಗಿ ಇನ್ನೊಮ್ಮೆ ನಡೆಸಿ ನೋಡಿ. ನಗರದ ಅಂಕ ಈಗ 1600ನ್ನು 40ರ ವರ್ಗದಿಂದ ಭಾಗಿಸಿದಾಗ 1. ಹೊಸ ಹಂಚಿಕೆಯಲ್ಲಿ ನಗರಕ್ಕೆ 57 ಜನ, ಹೋಬಳಿಗೆ 29, ತಾಲೂಕಿಗೆ 14. ಒಟ್ಟು ಸಮಯ 3,420 ನಿಮಿಷ. ಉಳಿತಾಯ ಸಾವಿರವಲ್ಲ, 580. ಒಟ್ಟು ದೂರ 2,000ದಿಂದ 2,850 ಕಿಲೋಮೀಟರಿಗೆ ಏರಿತು. ಜನ ಅಷ್ಟೇ, ಹೊರಟ ಪ್ರಯಾಣಗಳೂ ಅಷ್ಟೇ. ಉಳಿದ ಸಮಯದ ಒಂದು ಪಾಲು ದೂರವಾಗಿ ಮಾರ್ಪಟ್ಟಿತು. ನಗರಕ್ಕೆ ಹೋಗತೊಡಗಿದವರಿಗೆ ಏನೋ ಪ್ರಯೋಜನವಿದ್ದೇ ಹೋಗುತ್ತಾರೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹೋಬಳಿ ಪೇಟೆಯ ಐವತ್ತು ಗಿರಾಕಿಗಳಲ್ಲಿ ಇಪ್ಪತ್ತೊಂದು ಜನ ಇಲ್ಲವಾದರು. ಆ ಪೇಟೆಯ ಜವಳಿ ಅಂಗಡಿಯೋ ಔಷಧದ ಅಂಗಡಿಯೋ ಎಷ್ಟು ದಿನ ಬಾಗಿಲು ತೆರೆದೀತು? ಮುಚ್ಚಿದರೆ 200 ಎಂಬ ಸೆಳೆತವೇ 150ಕ್ಕೋ 100ಕ್ಕೋ ಇಳಿಯುತ್ತದೆ, ಉಳಿದ 29 ಜನರಲ್ಲೂ ಕೆಲವರು ನಗರದ ಬಸ್ಸು ಹತ್ತುತ್ತಾರೆ. ಬಸ್ಸಿಗೆ ದುಡ್ಡಿಲ್ಲದವರು, ವಯಸ್ಸಾದವರು ಮುಚ್ಚಿದ ಅಂಗಡಿಯ ಮುಂದೆ ಉಳಿಯುತ್ತಾರೆ. ಇಪ್ಪತ್ತು ವರ್ಷಗಳ ನಂತರ ಯಾರೋ ಬಂದು ವಾಹನ ಎಣಿಸಿ, ‘ನಮ್ಮ ಅಂದಾಜು ನಿಜವಾಯಿತು, ಇನ್ನೂ ಅಗಲ ಬೇಕು’ ಎನ್ನುತ್ತಾರೆ.

ಈ ಮರುಲೆಕ್ಕವನ್ನು ಮಾಡದೆ ಬಿಡುವುದು ಕೇವಲ ನನ್ನ ಕಲ್ಪನೆಯ ತಪ್ಪಲ್ಲ. ಇದೇ ವಿಷಯ ಅಮೆರಿಕದಲ್ಲಿ ನ್ಯಾಯಾಲಯದ ಮೆಟ್ಟಿಲೇರಿತ್ತು. 1989ರಲ್ಲಿ ಸಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದ ಎರಡು ಪರಿಸರ ಸಂಘಟನೆಗಳು, ಸಿಯೆರಾ ಕ್ಲಬ್ ಮತ್ತು ಸಿಟಿಜನ್ಸ್ ಫಾರ್ ಎ ಬೆಟರ್ ಎನ್ವಿರಾನ್‌ಮೆಂಟ್, ಅಲ್ಲಿನ ಸಾರಿಗೆ ಆಯೋಗದ ಮೇಲೆ ದಾವೆ ಹೂಡಿದವು. 1982ರಲ್ಲಿ ಆ ಪ್ರದೇಶಕ್ಕೆ ಒಂದು ವಾಯುಗುಣಮಟ್ಟ ಯೋಜನೆ ಸಿದ್ಧವಾಗಿತ್ತು, ಅದರ ಮಾತನ್ನು ಉಳಿಸಿಕೊಂಡಿಲ್ಲ ಎಂಬುದು ಮುಖ್ಯ ದೂರು. ವಾದ ಮುಂದುವರಿದಂತೆ ಚರ್ಚೆ ಲೆಕ್ಕದ ಮಾದರಿಯ ಒಳಗೇ ಇಳಿಯಿತು. ಹೆದ್ದಾರಿ ವೇಗವಾದರೆ ಜನ ಹೆಚ್ಚು ದೂರ ಹೋಗುತ್ತಾರೆ, ಊರುಗಳೇ ಹೊರಕ್ಕೆ ಹರಡುತ್ತವೆ, ಇದನ್ನು ನಿಮ್ಮ ಮಾದರಿ ಪರಿಗಣಿಸಿದೆಯೇ ಎಂದು ಸಂಘಟನೆಗಳು ಕೇಳಿದವು. ಆಯೋಗವು ತನ್ನ ವಿಧಾನವನ್ನು ಪರಿಷ್ಕರಿಸಬೇಕಾಯಿತು. 1991ರಲ್ಲಿ ಪರಿಷ್ಕೃತ ವಿಧಾನವನ್ನು ನ್ಯಾಯಾಲಯ ಒಪ್ಪಿತು. ಹೋರಾಟಗಾರರು ಬಯಸಿದ್ದೆಲ್ಲ ಸಿಗಲಿಲ್ಲ, ರಸ್ತೆಗಳೂ ನಿಂತುಹೋಗಲಿಲ್ಲ. ಆದರೆ ಸೂತ್ರವೊಂದನ್ನು ಸಾರ್ವಜನಿಕವಾಗಿ ಪ್ರಶ್ನಿಸಬಹುದು, ಅದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ ಎಂಬುದು ಸ್ಥಾಪಿತವಾಯಿತು. ಬ್ರಿಟನ್ನಿನಲ್ಲಿ ಸರ್ಕಾರವೇ ನೇಮಿಸಿದ್ದ ಸಲಹಾ ಸಮಿತಿಯೊಂದು 1994ರಲ್ಲಿ, ಹೊಸ ರಸ್ತೆ ಹೊಸ ಸಂಚಾರವನ್ನು ಹುಟ್ಟಿಸಬಲ್ಲದು ಎಂದು ಬರೆದುಕೊಟ್ಟಿತು. ನಮ್ಮ ಊರಿನ ಅಜ್ಜಂದಿರು ಇದನ್ನು ಡಾಂಬರು ಬಂದ ವರ್ಷವೇ ಹೇಳಿದ್ದರು, ಇರಲಿ.

ಮತ್ತೊಂದು ಮಾದರಿಯ ಬಗ್ಗೆಯೂ ಹೇಳಬೇಕು, ಏಕೆಂದರೆ ಅದು ನಮಗೆ ಹತ್ತಿರವಾದುದು. 1940ರಲ್ಲಿ ಸ್ಯಾಮ್ಯುಯೆಲ್ ಸ್ಟೌಫರ್ ಎಂಬ ಸಮಾಜಶಾಸ್ತ್ರಜ್ಞ, ಮನುಷ್ಯನನ್ನು ತಡೆಯುವುದು ದೂರವಲ್ಲ, ದಾರಿಯಲ್ಲಿ ಸಿಗುವ ಅವಕಾಶಗಳು ಎಂದನು. ಬೇಕಾದ ವಸ್ತು ಮೊದಲ ಅಂಗಡಿಯಲ್ಲಿ ಸಿಕ್ಕರೆ ನಾವು ಎರಡನೆಯ ಅಂಗಡಿಗೆ ಹೋಗುವುದಿಲ್ಲ. ಷಿಕಾಗೋ ಅಧ್ಯಯನದಲ್ಲಿ ಮಾರ್ಟನ್ ಷ್ನೈಡರ್ ಹಂಚಿಕೆಗೆ ಬಳಸಿದ್ದು ಗುರುತ್ವ ಸೂತ್ರವನ್ನಲ್ಲ, ಈ ಯೋಚನೆಯನ್ನೇ. ಇದರ ಪ್ರಕಾರ ಓಡಾಟ ಉದ್ದವಾಗಿದೆ ಎಂದರೆ ನಡುವೆ ಏನೋ ಮುಚ್ಚಿಹೋಗಿದೆ ಎಂದೂ ಓದಬಹುದು. ವಾರದ ಸಂತೆ ನಿಂತಿತೇ, ಅಂಚೆ ಕಚೇರಿ ಹೋಯಿತೇ, ಪಶುವೈದ್ಯರ ಹುದ್ದೆ ಖಾಲಿ ಉಳಿಯಿತೇ ಎಂದು ಸಾರಿಗೆ ಎಂಜಿನಿಯರನ್ನೇ ಕೇಳುವಂತಾಗುತ್ತದೆ. ಗಣಿತದಲ್ಲಿ ಇದು ಗುರುತ್ವ ಮಾದರಿಗಿಂತ ತುಸು ತೊಡಕು, ಬಳಕೆಯಲ್ಲಿ ಹಿಂದೆ ಬಿದ್ದಿತು.

ಈಗ ಎಣಿಕೆಯಲ್ಲಿ ಬಾರದವರ ವಿಚಾರ. 2011ರ ಜನಗಣತಿಯಲ್ಲಿ ಕೆಲಸದ ಜಾಗ ಎಷ್ಟು ದೂರ, ಹೇಗೆ ಹೋಗುತ್ತೀರಿ ಎಂಬ ವಿವರವನ್ನು ಪಡೆದರು. ಓಡಾಟವನ್ನು ಅಧ್ಯಯನ ಮಾಡುವವರಿಗೆ ಅದೊಂದು ಬೆಲೆಬಾಳುವ ಕೋಷ್ಟಕ. ಆದರೆ ಅದು ‘ಇತರ ಕೆಲಸಗಾರರು’ ಎಂಬ ವರ್ಗಕ್ಕೆ ಮಾತ್ರ. ಸಾಗುವಳಿದಾರರು, ಕೃಷಿ ಕೂಲಿಗಳು, ಮನೆ ಕೈಗಾರಿಕೆಯವರು ಅದರಲ್ಲಿಲ್ಲ. ಬೆಳಿಗ್ಗೆ ತೋಟಕ್ಕೆ, ಅಲ್ಲಿಂದ ಗದ್ದೆಗೆ, ಸೊಪ್ಪಿಗೆ ಬೆಟ್ಟಕ್ಕೆ, ಸಂಜೆ ಡೇರಿಗೆ ಎಂದು ನಡೆಯುವ ಹೆಂಗಸು ಆ ಕೋಷ್ಟಕದ ಪ್ರಕಾರ ಎಲ್ಲಿಗೂ ಹೋಗಿಲ್ಲ. ರಸ್ತೆ ಬದಿಯ ಸಮೀಕ್ಷೆಯಲ್ಲಿ ವಾಹನ ನಿಲ್ಲಿಸಿ ‘ಎಲ್ಲಿಂದ, ಎಲ್ಲಿಗೆ’ ಎಂದು ಕೇಳುತ್ತಾರೆ. ತಲೆಹೊರೆ ಹೊತ್ತು ರಸ್ತೆ ದಾಟುವವರನ್ನು ನಿಲ್ಲಿಸುವುದಿಲ್ಲ. ಒಂದೇ ವಲಯದೊಳಗೆ ಮುಗಿಯುವ ಓಡಾಟವನ್ನು ರಸ್ತೆಗಳ ಮೇಲೆ ಹಂಚುವ ಹೊತ್ತಿಗೆ ಬಿಟ್ಟುಬಿಡುತ್ತಾರೆ. ನಗರದ ಯೋಜನೆಗಳಲ್ಲಂತೂ ಗಡಿಯಾಚೆಗಿನ ಊರುಗಳೆಲ್ಲ ‘ಬಾಹ್ಯ ವಲಯ’ಗಳು. ಬೆಂಗಳೂರಿನ ನಕ್ಷೆಯಲ್ಲಿ ಇಡೀ ಮಲೆನಾಡು ತುಮಕೂರು ರಸ್ತೆಯ ತುದಿಯ ಒಂದು ಚುಕ್ಕಿಯಾಗಿಬಿಡಬಹುದು.

ಘಟ್ಟದ ಹೆದ್ದಾರಿಗಳಿಗೆ ಎಷ್ಟೋ ವೇಳೆ ಇಷ್ಟು ಲೆಕ್ಕವನ್ನೂ ಮಾಡುವುದಿಲ್ಲ ಎಂಬುದನ್ನು ಹೇಳದಿದ್ದರೆ ತಪ್ಪಾದೀತು. ಇಂದಿನ ವಾಹನಗಳನ್ನು ಎಣಿಸಿ, ವರ್ಷಕ್ಕೆ ಶೇಕಡಾ ಇಷ್ಟು ಬೆಳವಣಿಗೆ ಎಂದು ಚಕ್ರಬಡ್ಡಿ ಹಾಕಿ ಮುಗಿಸುತ್ತಾರೆ. ಅಂಥಲ್ಲಿ ನಾವು ಕೇಳಬೇಕಾದ ಮೊದಲ ಪ್ರಶ್ನೆ, ಹಂಚಿಕೆಯ ಲೆಕ್ಕವನ್ನು ಏಕೆ ಮಾಡಿಲ್ಲ ಎಂಬುದು.

ಎಣಿಕೆಯ ಮಿತಿಗೆ ನಮ್ಮ ಪಕ್ಕದಲ್ಲೇ ಒಂದು ಉದಾಹರಣೆ ಇದೆ. ಅದು ನಮ್ಮ ವಾದಕ್ಕೆ ಪೂರ್ತಿ ಅನುಕೂಲವೂ ಅಲ್ಲ, ಅದಕ್ಕಾಗಿಯೇ ಹೇಳುತ್ತಿದ್ದೇನೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಶರಾವತಿ ಹಿನ್ನೀರು ತುಮರಿ ಭಾಗದ ಊರುಗಳನ್ನು ಸಾಗರದಿಂದ ಬೇರ್ಪಡಿಸಿತು. ದಶಕಗಳ ಕಾಲ ಅವರಿಗೆ ಲಾಂಚೇ ಗತಿ. ರಾತ್ರಿ ಲಾಂಚ್ ಇಲ್ಲ. ಆ ಕಾಲದಲ್ಲಿ ಯಾರಾದರೂ ದಡದಲ್ಲಿ ನಿಂತು ಎಣಿಸಿ ‘ದಾಟುವವರು ಇಷ್ಟೇ, ಸೇತುವೆಗೆ ಬೇಡಿಕೆ ಇಲ್ಲ’ ಎಂದಿದ್ದರೆ ಅದು ಕ್ರೂರವಾದ ಲೆಕ್ಕವಾಗುತ್ತಿತ್ತು. ರಾತ್ರಿ ಹೊಟ್ಟೆನೋವು ಬಂದು ಬೆಳಗಿನವರೆಗೆ ಕಾದವನ ಪ್ರಯಾಣ ಯಾವ ಎಣಿಕೆಯಲ್ಲೂ ಬರುವುದಿಲ್ಲ. 2025ರ ಜುಲೈನಲ್ಲಿ ಸುಮಾರು 2.4 ಕಿಲೋಮೀಟರ್ ಉದ್ದದ ಸೇತುವೆ ಉದ್ಘಾಟನೆಯಾಯಿತು. ಪರಿಸರದ ಮಾತನಾಡುವ ನಾವು ಆ ಸೇತುವೆಯನ್ನು ಬೇಡವೆನ್ನಲಾರೆವು, ಆ ಜನರನ್ನು ಮುಳುಗಿಸಿ ಬಂದ ವಿದ್ಯುತ್ತನ್ನು ನಾವೂ ಉರಿಸಿದ್ದೇವೆ. ಆದರೆ ಸೂತ್ರ ಎರಡೂ ದಿಕ್ಕಿಗೆ ಕೆಲಸ ಮಾಡುತ್ತದೆ. ಆಚೆಯವರಿಗೆ ಸಾಗರ ಹತ್ತಿರವಾದಂತೆ, ಈಚೆಯ ಇಡೀ ನಾಡಿಗೆ ಸಿಗಂದೂರು ಹತ್ತಿರವಾಯಿತು. ತುಮರಿಯ ರೋಗಿಗೆ ಬೇಕಾದ ಸೇತುವೆಯನ್ನೂ ಸಾವಿರಾರು ಯಾತ್ರಿಕರ ವಾಹನಗಳಿಗೆ ಬೇಕಾದ ರಸ್ತೆಯನ್ನೂ ಒಂದೇ ಸಂಖ್ಯೆಯಲ್ಲಿ ಕೂಡಿಸಿದರೆ, ಮುಂದಿನ ಅಗಲೀಕರಣದ ವರದಿಯಲ್ಲಿ ಯಾರ ಹೆಸರನ್ನು ಮುಂದಿಡುತ್ತಾರೆ ಎಂಬುದನ್ನು ನೀವೇ ಊಹಿಸಬಲ್ಲಿರಿ.

ಆದುದರಿಂದ ‘ರಸ್ತೆ ಬೇಡ’ ಎಂಬ ಒಂದೇ ಮಾತಿನಿಂದ ನಮ್ಮ ಕೆಲಸ ನಡೆಯದು. ಯೋಜನಾ ವರದಿಯನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳುವಾಗ ಅದರ ಸಂಚಾರ ಅಧ್ಯಾಯವನ್ನೂ, ಎಲ್ಲಿಂದ ಎಲ್ಲಿಗೆ ಎಂಬ ಕೋಷ್ಟಕವನ್ನೂ ಹೆಸರು ಹೇಳಿ ಕೇಳಬೇಕು. ವಲಯಗಳ ಗಡಿ ಎಲ್ಲಿದೆ, ಎಣಿಕೆ ಯಾವ ತಿಂಗಳಲ್ಲಿ ನಡೆಯಿತು (ಅಡಿಕೆ ಕೊಯ್ಲಿನಲ್ಲೋ ಮಳೆಗಾಲದಲ್ಲೋ ಎಂಬುದಕ್ಕೆ ಬಹಳ ವ್ಯತ್ಯಾಸವಿದೆ), ನಡೆಯುವವರನ್ನು ಎಣಿಸಿದರೇ, ದೂರದ ತಡೆಯ ಗುಣಕವನ್ನು ಇಲ್ಲಿಯೇ ಅಳೆದರೇ ಅಥವಾ ಬೇರೆ ನಗರದಿಂದ ಎರವಲು ತಂದರೇ, ರಸ್ತೆ ಅಗಲವಾದ ಮೇಲಿನ ಸಮಯವನ್ನಿಟ್ಟು ಹಂಚಿಕೆಯನ್ನು ಮತ್ತೆ ಲೆಕ್ಕ ಹಾಕಿದರೇ ಎಂದು ಕೇಳಬೇಕು. ಕೊನೆಯ ಪ್ರಶ್ನೆಗೆ ಬರುವ ಉತ್ತರವನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಅವರ ಕೋಷ್ಟಕದ ಎದುರಿಗೆ ಇಡಲು ನಮ್ಮದೂ ಒಂದು ಕೋಷ್ಟಕ ಬೇಕು. ಈ ಮೇಜಿನ ಮೇಲೆ ನಲವತ್ತು ನೋಟುಪುಸ್ತಕಗಳಿವೆ. ಕಾಲೇಜಿನ ಮಕ್ಕಳು ಒಂದೊಂದು ಊರಿಗೆ ಒಂದರಂತೆ ತೆಗೆದುಕೊಂಡು ಹೋಗಿ, ಒಂದು ವಾರ ಪ್ರತಿದಿನ ಸಂಜೆ ಹತ್ತು ಮನೆಗಳಿಗೆ ಹೋಗಿ ಕೇಳಬೇಕು. ಯಾರು ಹೋದರು, ಎಲ್ಲಿಗೆ, ಯಾತಕ್ಕೆ, ನಡೆದೋ ಬಸ್ಸಿನಲ್ಲೋ, ಎಷ್ಟು ಹೊತ್ತು, ಎಷ್ಟು ಖರ್ಚು. ಮನೆಯ ಗಂಡಸರನ್ನು ಮಾತ್ರ ಕೇಳಿ ಬರಬೇಡಿ. ಅಮ್ಮಂದಿರನ್ನು, ಅಜ್ಜಿಯರನ್ನು ಬೇರೆಯಾಗಿ ಕೇಳಿ. ಅದೇ ಕೆಲಸ ಹತ್ತು ವರ್ಷಗಳ ಹಿಂದೆ ಯಾವ ಊರಿನಲ್ಲಿ ಮುಗಿಯುತ್ತಿತ್ತು ಎಂಬುದಕ್ಕೆ ಒಂದು ಸಾಲು ಬಿಡಿ. ಬಲಗಡೆಯ ಕೊನೆಯ ಕಂಬಸಾಲಿನಲ್ಲಿ, ಹೋಗಬೇಕೆಂದಿದ್ದು ಹೋಗಲಾಗದೆ ಉಳಿದದ್ದನ್ನು ಬರೆಯಿರಿ. ಅಲ್ಲಿ ಬಸ್ಸಿರಲಿಲ್ಲ, ದುಡ್ಡಿರಲಿಲ್ಲ, ಎಮ್ಮೆ ಕಟ್ಟುವವರಿರಲಿಲ್ಲ ಎಂದು ಅವರು ಹೇಳಿದ ಮಾತಿನಲ್ಲೇ ಇರಲಿ. ಪುಸ್ತಕಗಳನ್ನು ಮುಂದಿನ ತಿಂಗಳ ಸಭೆಗೆ ತಂದುಕೊಡಿ, ಕೂಡಿಸುವ ಕೆಲಸ ನನ್ನದು.